ಎಳೆಗೆ ಎರಡು ತುದಿ

ಐದು ಸಾವಿರ ಮೀಟರ್ ಎತ್ತರದಲ್ಲಿ
ಉಸಿರೂ ಅಳೆದು ಕೊಟ್ಟ ಕಾಳು.
ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು
ಒಂಬತ್ತನೇ ಆಂಟೆನಾದ ಬುಡದ ಬೋಲ್ಟು ಬಿಗಿದು
ಚಾಹ್ನಂತೋರ್ ಬಯಲಿನಿಂದ ಇಳಿದು ಬಂದಾಗ
ಬೆಳಗಿನ ಜಾವ ನಾಲ್ಕು.
ಕೋಣೆಯಲ್ಲಿ ಇಂಗುನ್, ನಾರ್ವೆಯವಳು,
ಕೋಕಾ ಎಲೆಯ ಚಹಾ ಆರಲು ಬಿಟ್ಟು
ಪರದೆಯ ಮೇಲಿನ ಮೋಡದ ಜೊತೆ
ಜಗಳಕ್ಕೆ ನಿಂತಿದ್ದಳು.

"ಸಮದೂರಕ್ಕೆ ಮಣಿ ಕಟ್ಟಬೇಕಿತ್ತು ರುಫೀನಾ,
ನಡುವೆಯೂ ಒಂದಾದರೂ ಇರಬೇಕಿತ್ತು."

ನನಗೆ ಗೊತ್ತಿರುವುದು ನಟ್ಟು, ಗ್ರೀಸು, ಗಾಳಿಯ ದಿಕ್ಕು.
ಆದರೂ ಬಗ್ಗಿ ನೋಡಿದೆ.
ಶಿಲುಬೆ ನಕ್ಷತ್ರಗಳ ಕೆಳಗೆ
ಬರಿಗಣ್ಣಿಗೆ ಮಸಿಯಲ್ಲಿ ಗೀಚಿದಂತೆ ಕಾಣುವ ಎಳೆ,
ಈ ತುದಿಯಿಂದ ಆ ತುದಿಗೆ ಹೋಗಲು
ಬೆಳಕಿಗೇ ಹತ್ತಾರು ವರ್ಷ ಬೇಕಂತೆ,
ಇಲ್ಲಿ ಬಣ್ಣ ಹಚ್ಚಿಕೊಂಡು ಮಲಗಿತ್ತು.
ನಡು ನೀಲಿ, ತಣ್ಣಗೆ.
ಎರಡು ತುದಿಗಳಲ್ಲಿ ಮಾತ್ರ
ಬೂದಿ ಕೆದಕಿದರೆ ಕಾಣುವ ಕೆಂಡದ ಕಣ್ಣು.

ಅವಳು ಹೇಳಿದಳು, ಅರ್ಧ ನನಗೆ, ಅರ್ಧ ಚಹಾಕ್ಕೆ:
ದುಂಡಗಿನ ಮೋಡವಾದರೆ ತಾಪತ್ರಯವಿಲ್ಲ,
ಸುತ್ತಲಿನದೆಲ್ಲ ಒಟ್ಟಿಗೆ ಹೊರಟು
ಒಟ್ಟಿಗೇ ಬಂದು ನಡುವಿಗೆ ಬೀಳುತ್ತದೆ.
ರೊಟ್ಟಿಯಂತೆ ತೆಳುವಾದರೆ
ಅಂಚು ಮೊದಲು ದಪ್ಪಗಟ್ಟುತ್ತದೆ.
ಅದೇ ಅನಿಲ, ಅದೇ ತೂಕ, ಅದೇ ಕೊರೆಯುವ ಚಳಿ;
ಆಕಾರ ಬೇರೆಯಾದರೆ ಹಣೆಬರಹ ಬೇರೆ.
ಹೀಗೆ ಎಳೆಯಾಗಿ ಉದ್ದಕ್ಕೆ ಬಿದ್ದದ್ದು
ಕುಸಿಯಲೋ ಬೇಡವೋ ಎಂದು
ಲಕ್ಷಾಂತರ ವರ್ಷ ಮೀನಮೇಷ ಎಣಿಸುತ್ತದೆ.
ಆಮೇಲೆ ಸುಮ್ಮನಾಗಿ, ಕನ್ನಡಕ ತೆಗೆದು,
"ನನ್ನ ಲೆಕ್ಕದಲ್ಲಿ ಎಳೆಗೆ ಕೊನೆಯೇ ಇರಲಿಲ್ಲ" ಅಂದಳು.

ಭಾನುವಾರ ತೊಕೊನಾವೊದಲ್ಲಿ
ಬಿಳಿಗಲ್ಲಿನ ಗೋಡೆಗೆ ಒರಗಿ
ಬೆನಿಗ್ನಾ ಚಿಕ್ಕಮ್ಮ ಲಾಮಾದ ಉಣ್ಣೆ ಹಿಂಜಿ
ಕದಿರು ತಿರುವುತ್ತ ಇದನ್ನೆಲ್ಲ ಕೇಳಿಸಿಕೊಂಡಳು.
ಅವಳಿಗೆ ಆ ಕಪ್ಪು ಮೋಡವೇ ಅಲ್ಲ.
ಚುಕ್ಕಿಗೆ ಚುಕ್ಕಿ ಸೇರಿಸುವುದಕ್ಕಿಂತ
ನಡುವಿನ ಕತ್ತಲಿಗೆ ಹೆಸರಿಡುವುದು ಅವಳಿಗೆ ರೂಢಿ:
ಅಗೋ ಲಾಮಾ, ಅದರ ಹೊಟ್ಟೆಯಡಿ ಮರಿ,
ಮರಿಗೆ ಇನ್ನೂ ಹಾಲು ಸಾಲದು.

ಹುರಿ ಹೆಚ್ಚಾದ ನೂಲೊಂದನ್ನು ಮೊಳದುದ್ದ ಹಿಡಿದು
ಎರಡೂ ಕೈ ಒಮ್ಮೆಗೇ ಬಿಟ್ಟಳು.
ಮಡಿಲಿಗೆ ಬೀಳುವಷ್ಟರಲ್ಲಿ
ತುದಿಗಳೆರಡೂ ಸುರುಳಿ ಸುತ್ತಿ ಗಂಟಾಗಿದ್ದವು.
ನಡು ಇನ್ನೂ ನೆಟ್ಟಗೆ,
ಸಾವಿನ ಸುದ್ದಿ ತಲುಪದ ಮನೆಯ ಹಾಗೆ.

"ನಡುವಿನದನ್ನು ಎರಡೂ ಕಡೆಯವರು ಎಳೀತಾರೆ,
ಅದು ಎಲ್ಲಿಗೆ ಹೋದೀತು?
ತುದಿಯದಕ್ಕೆ ಆಚೆ ಯಾರಿದ್ದಾರೆ ಹೇಳು.
ಕರೆಯುವವರೆಲ್ಲ ಒಂದೇ ಕಡೆ,
ಅದಕ್ಕೇ ಓಡಿ ಬರುತ್ತೆ."

ನೂಲಿನದು ಹುರಿಯ ಸಿಟ್ಟು, ಮೋಡದ್ದು ತನ್ನದೇ ಭಾರ,
ಎರಡೂ ಒಂದಲ್ಲ, ಎಂದು ಇಂಗುನ್ ಗೊಣಗಿದಳು.
ಆದರೂ ಆ ರಾತ್ರಿ ಕೂತು
ತನ್ನ ಲೆಕ್ಕದ ಎಳೆಗೆ ಎರಡು ತುದಿ ಕಟ್ಟಿದಳು.

ಚಿಕ್ಕಮ್ಮ ಆಡಿದ್ದು ಮೋಡದ ಮಾತೇ ಎಂಬ ಬಗ್ಗೆ
ನನಗೊಂದು ಅನುಮಾನ.
ನಾವು ಮೂವರು. ಅಕ್ಕ ಆಂತೊಫಗಾಸ್ತದ ಬಂದರಿನಲ್ಲಿ,
ತಂಗಿ ಕಲಾಮದ ತಾಮ್ರದ ಗಣಿಯಲ್ಲಿ.
ಫೋನು ಮಾಡಿದರೆ ಇಬ್ಬರೂ ಬಾ ಅನ್ನುತ್ತಾರೆ,
ನಾನು ಇಬ್ಬರಿಗೂ ಹೂಂ ಅನ್ನುತ್ತೇನೆ,
ಬೋಲ್ಟು ಬಿಗಿಯುತ್ತೇನೆ.

ತುದಿಗಳು ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತ
ಒಳಗೆ ಬರುತ್ತಿವೆಯಂತೆ,
ನಿಧಾನ, ಹೊರೆ ಹೆಚ್ಚಿಸಿಕೊಳ್ಳುತ್ತ.
ಕೊನೆಗೊಮ್ಮೆ ನಡುವಿನಲ್ಲಿ ಎದುರಾಗುತ್ತವೆ.
ಅಲ್ಲಿಯವರೆಗೆ ನಡು ಕಾಯುತ್ತಿದೆ ಎನ್ನಲು
ಇಂಗುನ್ ಒಪ್ಪುವುದಿಲ್ಲ.
ಅದಕ್ಕಿನ್ನೂ ಏನೂ ಗೊತ್ತಿಲ್ಲ, ಅಷ್ಟೇ.

ಗಾಳಿ ಪಶ್ಚಿಮಕ್ಕೆ ತಿರುಗಿದೆ.
ನಾಳೆ ಹತ್ತನೇ ಆಂಟೆನಾ.